ಕೋರ್ಸ್ ಸೇರ್ಲಾ, ಬಲ್ಲವರ ಪಕ್ಕ ಕೂರ್ಲಾ?

ವೆಬ್ ಡಿಸೈನ್ ಬಗ್ಗೆ ಏನಿದ್ರೂ ಕೇಳಿ ಅಂತ ಹೋದ ಸಂಚಿಕೇಲಿ ಭಾರಿ ಧೈರ್ಯವಾಗಿ ಬರೆದುಬಿಟ್ಟಿದ್ದೆ, ಈಗ ನೋಡಿದ್ರೆ ಚಿಕ್ಕಮಗಳೂರಿನ ನನ್ನ ಸಣ್ಣ ರೂಮಲ್ಲಿ ಟೇಬಲ್ ತುಂಬಾ ಪತ್ರ, ಫೋನ್ ತುಂಬಾ ಮೆಸೇಜು. ಅರ್ಧಕ್ಕರ್ಧ ಜನ ಕೇಳಿರೋದು ಒಂದೇ ಮಾತು, ಎಲ್ಲಿ ಕಲೀಬೇಕು, ಯಾರ ಹತ್ರ ಕಲೀಬೇಕು. ಅದನ್ನೇ ಮೊದಲು ಎತ್ಕೊಂಡಿದೀನಿ. ಹೆಸರು ಬೇಡ ಅಂದೋರೇ ಜಾಸ್ತಿ ಇದ್ದಿದ್ರಿಂದ ಯಾರ ಹೆಸರೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನಾನು ಬಿಸಿಎ ಕೊನೇ ವರ್ಷ. ನಮ್ಮೂರಲ್ಲಿ ಒಂದು ಟ್ರೈನಿಂಗ್ ಸೆಂಟರಲ್ಲಿ 'ಮಾಡರ್ನ್ ವೆಬ್ ಡಿಸೈನ್, ಇಂಡಸ್ಟ್ರಿ ಎಕ್ಸ್‌ಪರ್ಟ್‌ಗಳಿಂದ' ಅಂತ ಬೋರ್ಡ್ ಹಾಕಿದಾರೆ, ಆರು ತಿಂಗಳಿಗೆ 48 ಸಾವಿರ ಕೇಳ್ತಿದಾರೆ. ಅಪ್ಪ ಸಾಲ ಮಾಡಿ ಕೊಡ್ತೀನಿ ಅಂತಿದಾರೆ. ಸೇರ್ಲಾ? (ಹಾಸನ)

ಉತ್ತರ: ಸಾಲ ಅಂದ್ರಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ದುಡ್ಡು ಕಟ್ಟೋ ಮುಂಚೆ ಅಲ್ಲಿ ಹೋಗಿ, ಪಾಠ ಮಾಡೋರು ಯಾರು ಅಂತ ಕೇಳಿ, ಅವರು ಮಾಡಿರೋ ಮೂರು ವೆಬ್‌ಸೈಟ್ ಯಾವುದು ಅಂತ ಕೇಳಿ, ಅಲ್ಲೇ ಬಾಗಿಲಲ್ಲಿ ನಿಂತ್ಕೊಂಡು ನಿಮ್ಮ ಫೋನಲ್ಲಿ ತೆಗೆದು ನೋಡಿ. ತೆಗೆಯೋಕೆ ಏನೂ ಇಲ್ಲ ಅಂದ್ರೆ ಆ ಎಕ್ಸ್‌ಪರ್ಟು ಬೋರ್ಡಲ್ಲಿ ಮಾತ್ರ ಇರೋ ಎಕ್ಸ್‌ಪರ್ಟು. ಆಮೇಲೆ ಸಿಲಬಸ್ ಕೇಳಿ. ಅದರಲ್ಲಿ ಸಿಎಸ್‌ಎಸ್ ಗ್ರಿಡ್ ಅನ್ನೋ ಪದ ಇದ್ಯಾ ನೋಡಿ. ಸಿಎಸ್‌ಎಸ್ ಅಂದ್ರೆ ಪೇಜಿನ ಬಣ್ಣ, ಅಳತೆ, ಜೋಡಣೆ ಹೇಳೋ ಭಾಷೆ, ಗ್ರಿಡ್ ಅದರಲ್ಲಿ ಪೇಜನ್ನ ಸಾಲು, ಕಾಲಮ್ಮು ಅಂತ ಜೋಡಿಸೋ ವಿಧಾನ. ಗ್ರಿಡ್ ದೊಡ್ಡ ಬ್ರೌಸರ್‌ಗಳಿಗೆಲ್ಲ ಬಂದಿದ್ದು 2017ರಲ್ಲಿ, ಇಷ್ಟು ವರ್ಷ ಆದ್ಮೇಲೂ ಅದನ್ನ ಬಿಟ್ಟು ಫ್ಲೋಟ್ ಅನ್ನೋ ಹಳೇ ಉಪಾಯ ಹಾಕಿ ಕಾಲಮ್ಮು ಮಾಡೋದು ಹೇಳಿಕೊಡ್ತಿದ್ರೆ ನೀವು ಹಳೇ ಸಾಮಾನಿಗೆ ಹೊಸ ರೇಟ್ ಕೊಡ್ತಿದೀರ ಅಂತ ಅರ್ಥ.

ಇನ್ನೊಂದು, ಈ ಕೋರ್ಸಲ್ಲಿ ಹೇಳಿಕೊಡೋ ವಿಷಯ ಇದ್ಯಲ್ಲ, ಪೇಜಿನ ಹಂದರ ಕಟ್ಟೋ ಎಚ್‌ಟಿಎಂಎಲ್ಲು, ಸಿಎಸ್‌ಎಸ್ಸು, ಪೇಜಿಗೆ ಚಲನೆ ಕೊಡೋ ಜಾವಾಸ್ಕ್ರಿಪ್ಟು, ಅದಷ್ಟೂ ಬಿಟ್ಟಿ ಸಿಗುತ್ತೆ. ಫೈರ್‌ಫಾಕ್ಸ್ ಬ್ರೌಸರ್ ಮಾಡೋ ಮೊಜಿಲ್ಲಾದವರ ಎಂಡಿಎನ್ ಅನ್ನೋ ಕೈಪಿಡಿ ಸೈಟ್ ಇದೆ, ನಾವು ಇಷ್ಟು ವರ್ಷದಿಂದ ಕೆಲಸ ಮಾಡೋರೂ ದಿನಕ್ಕೆ ನಾಲ್ಕು ಸಲ ತೆಗೆದು ನೋಡೋದು ಅದನ್ನೇ. ಫ್ರೀಕೋಡ್‌ಕ್ಯಾಂಪ್ ಅನ್ನೋ ಸೈಟ್ 2014ರಿಂದ ಪುಕ್ಕಟೆ ಕಲಿಸ್ತಾ ಇದೆ. ಸಿಎಸ್‌ಎಸ್ ಅಂದ್ರೆ ಕೆವಿನ್ ಪೊವೆಲ್ ಅನ್ನೋರ ಯೂಟ್ಯೂಬ್ ವಿಡಿಯೋಗಳಿವೆ, ಇಂಗ್ಲಿಷೇ ಆದ್ರೂ ನಿಧಾನಕ್ಕೆ ಬಿಡಿಸಿ ಹೇಳ್ತಾರೆ. ಅಂದ್ಮೇಲೆ 48 ಸಾವಿರ ಯಾವುದಕ್ಕೆ? ನೀವು ಮಾಡಿದ್ದನ್ನ ಒಬ್ಬರು ಬಲ್ಲವರು ಪಕ್ಕದಲ್ಲಿ ಕೂತು ನೋಡಿ ಇದು ಯಾಕೆ ಹಿಂಗೆ ಅಂತ ಕೇಳ್ತಾರಲ್ಲ, ದುಡ್ಡು ಕೊಡೋದಾದ್ರೆ ಅದೊಂದಕ್ಕೆ ಕೊಡಬಹುದು. ನಲವತ್ತು ಜನರ ಬ್ಯಾಚಲ್ಲಿ ಪ್ರೊಜೆಕ್ಟರ್ ಹಾಕಿ ಪಾಠ ಮಾಡಿದ್ರೆ ಅದು ಸಿಗಲ್ಲ. ವಾರಕ್ಕೊಂದು ಸಲನಾದ್ರೂ ನನ್ನ ಪೇಜನ್ನ ಯಾರು ನೋಡ್ತಾರೆ, ಎಷ್ಟು ಹೊತ್ತು ನೋಡ್ತಾರೆ ಅಂತ ನೇರವಾಗಿ ಕೇಳಿ, ಆ ಪ್ರಶ್ನೆಗೆ ಅವರು ತಡವರಿಸಿದ್ರೆ ಅಪ್ಪನಿಗೆ ಸಾಲ ಬೇಡ ಅಂತ ಹೇಳಿ.

ನನ್ನದೇ ಕಥೆ ಹೇಳ್ತೀನಿ. ನಾನು ಶುರು ಮಾಡಿದಾಗ ಪೇಜ್ ಪೂರ್ತಿ ಟೇಬಲ್ಲಲ್ಲಿ, ಅಂದ್ರೆ ಅಂಕಪಟ್ಟಿ ಥರದ ಚೌಕಗಳಲ್ಲಿ, ಕಟ್ತಿದ್ವಿ, ಟೇಬಲ್ ಒಳಗೆ ಟೇಬಲ್ಲು, ಅದರೊಳಗೆ ಇನ್ನೊಂದು, ಎಲ್ಲೋ ಒಂದು ಕಡೆ ಟ್ಯಾಗ್ ಮುಚ್ಚೋದು ಮರೆತ್ರೆ ಇಡೀ ಮನೆ ಕುಸಿದಂಗೆ. ಸಿಎಸ್‌ಎಸ್‌ನ ಮೊದಲ ಆವೃತ್ತಿ 1996ರಲ್ಲೇ ಬಂದಿತ್ತು, ನಮಗೆ ಹೇಳಿಕೊಟ್ಟೋರಿಗೆ ಅದು ಬೇಕಿರಲಿಲ್ಲ ಅಷ್ಟೇ. ಆಮೇಲೆ ಬೆಂಗಳೂರಲ್ಲಿ ಒಬ್ಬರು ಹಿರಿಯರ ಹತ್ರ ಹತ್ತು ತಿಂಗಳು ಕೆಲಸ ಮಾಡ್ದೆ, ಪತ್ರಿಕೆಯ ಪುಟ ವಿನ್ಯಾಸದಿಂದ ವೆಬ್ಬಿಗೆ ಬಂದೋರು. ಅವರು ಕೋಡ್ ಹೇಳಿಕೊಟ್ಟಿದ್ದು ಕಡಿಮೆ. ನಾನು ಮಾಡಿದ ಪೇಜ್ ಮೇಲೆ ಅಂಗೈ ಅಡ್ಡ ಇಟ್ಟು ಮುಕ್ಕಾಲು ಪಾಲು ಮುಚ್ಚಿಬಿಟ್ಟು, "ಈಗ ಕಾಣೋದ್ರಲ್ಲಿ ಇದು ಏನಂಗಡಿ ಹೇಳು" ಅನ್ನೋರು. ನನಗೇ ಹೇಳೋಕಾಗ್ತಿರಲಿಲ್ಲ. ಮೂಲೇಲಿ ಲೋಗೋ, ಅದರ ಪಕ್ಕ ತಿರುಗೋ ಚಿತ್ರ, ಸ್ವಾಗತ ಸುಸ್ವಾಗತ ಅಂತ ಓಡೋ ಅಕ್ಷರ, ಅಂಗಡಿ ಏನು ಮಾರುತ್ತೆ ಅನ್ನೋದು ನಾಲ್ಕನೇ ಸ್ಕ್ರೋಲಲ್ಲಿ. ಅವತ್ತು ಬಳಸ್ತಿದ್ದ ಸಾಫ್ಟ್‌ವೇರು ಇವತ್ತು ಒಂದೂ ಉಳಿದಿಲ್ಲ, ಫ್ಲಾಶ್ ಅಂತೂ 2020ರ ಡಿಸೆಂಬರ್ 31ಕ್ಕೆ ಸತ್ತೇ ಹೋಯ್ತು, ಅದರಲ್ಲಿ ಆನಿಮೇಷನ್ ಕಲಿಯೋಕೆ ನಾನು ಎರಡು ವರ್ಷ ಕಳೆದಿದ್ದೆ. ಅಂಗೈ ಪಾಠ ಮಾತ್ರ ಇವತ್ತೂ ನಡೀತಿದೆ, ಯಾಕಂದ್ರೆ ಈಗಿನ ಫೋನ್ ಸ್ಕ್ರೀನು ಹೆಚ್ಚುಕಮ್ಮಿ ಅವರು ಬಿಡ್ತಿದ್ದ ಆ ಕಾಲು ಪಾಲಿನಷ್ಟೇ ಅಗಲ.

ಪ್ರಶ್ನೆ: ಕಲಿಸೋರೆಲ್ಲ ಬೆಂಗಳೂರಲ್ಲಿ, ನಾವು ಇಲ್ಲಿ. ಲಿಂಕ್ಡ್‌ಇನ್‌ನಲ್ಲಿ ಸುಮಾರು ಮೂವತ್ತು ಜನ ಸೀನಿಯರ್ ಡಿಸೈನರ್‌ಗಳಿಗೆ ಮೆಸೇಜ್ ಹಾಕ್ದೆ, ಒಬ್ಬರೂ ತಿರುಗಿ ನೋಡಲಿಲ್ಲ. ಹಳ್ಳಿ ಕಡೆಯೋರು ಅಂತ ಅಸಡ್ಡೆನಾ? (ಚನ್ನರಾಯಪಟ್ಟಣ)

ಉತ್ತರ: ಅಸಡ್ಡೆ ಅಲ್ಲ ಮಾರಾಯ್ರೆ, ನೀವು ಏನಂತ ಹಾಕಿದ್ರಿ ಅಂತ ಪತ್ರದಲ್ಲಿ ನೀವೇ ಬರೆದಿದೀರ, "ಹಲೋ ಸಾರ್, ನನಗೆ ವೆಬ್ ಡಿಸೈನ್ ಕಲಿಸಿ." ಇದಕ್ಕೆ ಯಾರಾದ್ರೂ ಏನಂತ ಉತ್ತರ ಕೊಡ್ತಾರೆ ಹೇಳಿ? ನನಗೂ ದಿನಾ ಇಂಥದ್ದು ಎರಡು ಬರುತ್ತೆ, ನಾನೂ ಉತ್ತರ ಕೊಡಲ್ಲ, ಒಪ್ಕೋತೀನಿ. ಅದೇ ಒಬ್ಬ ಹುಡುಗ "ನಮ್ಮೂರಿನ ಕೊಬ್ಬರಿ ಮಂಡಿಗೆ ಒಂದು ಪೇಜ್ ಮಾಡಿದೀನಿ, ಇಲ್ಲಿದೆ ಲಿಂಕು, ಐಫೋನಲ್ಲಿ ರೇಟಿನ ಪಟ್ಟಿ ಪಕ್ಕಕ್ಕೆ ಹರಿದು ಹೋಗುತ್ತೆ, ಹಿಂಗೆ ಹಿಂಗೆ ಎರಡು ದಾರಿ ನೋಡ್ದೆ ಆಗಲಿಲ್ಲ" ಅಂತ ಬರೆದ್ರೆ ಊಟ ಬಿಟ್ಟು ಕೂತು ನೋಡ್ತೀನಿ. ಬಲ್ಲವರಿಗೆ ಪಾಠ ಮಾಡೋಕೆ ಪುರಸೊತ್ತು ಇರಲ್ಲ, ಆದ್ರೆ ಕೆಟ್ಟಿರೋದನ್ನ ಕಂಡ್ರೆ ಕೈ ಸುಮ್ನೆ ಇರಲ್ಲ, ಆ ಚಟಾನೇ ನೀವು ಉಪಯೋಗಿಸ್ಕೋಬೇಕು. ಲಿಂಕ್ ಬೇಕು ಅಂದ್ರೆ ಪೇಜ್ ನೆಟ್ಟಲ್ಲಿ ಇರಬೇಕಲ್ಲ, ಅದಕ್ಕೆ ಕೋಡ್ ಇಡೋ ಸೈಟ್ ಗಿಟ್‌ಹಬ್‌ನವರ ಗಿಟ್‌ಹಬ್ ಪೇಜಸ್ ಇದೆ, ಸಾಮಾನ್ಯ ಪೇಜಿಗೆ ಒಂದು ರೂಪಾಯಿ ಖರ್ಚಿಲ್ಲ.

ಇನ್ನೊಂದು ದಾರಿ ಇದೆ, ಯಾಕೋ ನಮ್ಮ ಹುಡುಗ್ರು ಅದರ ಕಡೆ ಹೋಗೋದೇ ಇಲ್ಲ. ಈ ಕೆಲಸದ ದೊಡ್ಡ ತಲೆಗಳು ಜಗಳ ಆಡೋದು ಬಯಲಲ್ಲೇ. ಸಿಎಸ್‌ಎಸ್‌ಗೆ ಹೊಸದೇನು ಸೇರಿಸಬೇಕು ಅಂತ ವೆಬ್ಬಿನ ನಿಯಮ ಬರೆಯೋ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂನ ವರ್ಕಿಂಗ್ ಗ್ರೂಪಿನವರು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣೋ ಹಂಗೆ ಚರ್ಚೆ ಮಾಡ್ತಾರೆ. ಗ್ರಿಡ್ಡನ್ನ ಜನಕ್ಕೆ ಅರ್ಥ ಮಾಡಿಸಿದ ರೇಚಲ್ ಆಂಡ್ರ್ಯೂ, ಪೇಜಿನ ಒಂದು ಭಾಗ ತನಗೆ ಸಿಕ್ಕ ಜಾಗ ನೋಡಿ ಹೊಂದ್ಕೊಳ್ಳೋ ಹಂಗೆ ಮಾಡೋ ಕಂಟೇನರ್ ಕ್ವೆರಿ ಹಿಂದೆ ಬಿದ್ದು ಅದಕ್ಕೊಂದು ರೂಪ ಕೊಟ್ಟ ಮಿರಿಯಮ್ ಸುಝಾನ್, ಇಂಥೋರು ಬರೆದಿರೋದನ್ನ ಓದಿ. ಮೊದಲ ತಿಂಗಳು ಕಾಲು ಭಾಗ ಅರ್ಥ ಆದ್ರೆ ಹೆಚ್ಚು. ಪರವಾಗಿಲ್ಲ, ಯಾವ ವಿಷಯಕ್ಕೆ ತಲೆ ಕೆಡಿಸ್ಕೋತಾರೆ, ಯಾವುದನ್ನ ಹೋಗ್ಲಿ ಬಿಡು ಅಂತಾರೆ, ಅದಿಷ್ಟು ಗೊತ್ತಾದ್ರೂ ಸಾಕು.

ಪ್ರಶ್ನೆ: ತೋಟದಲ್ಲೇ ನಾಲ್ಕು ರೂಮಿನ ಹೋಮ್‌ಸ್ಟೇ ಇದೆ. ದಲ್ಲಾಳಿ ಆಪ್‌ಗಳಿಗೆ ಕಮಿಷನ್ ಕೊಟ್ಟು ಸಾಕಾಗಿ ನಾನೇ ನೋಡ್ಕೊಂಡು ಕಲ್ತು ವೆಬ್‌ಸೈಟ್ ಮಾಡಿದೀನಿ. ಲ್ಯಾಪ್‌ಟಾಪಲ್ಲಿ ಬೊಂಬಾಟಾಗಿ ಕಾಣುತ್ತೆ, ಬರೋ ಗೆಸ್ಟುಗಳು ಮಾತ್ರ "ಓಪನ್ನೇ ಆಗ್ಲಿಲ್ಲ ಸಾರ್" ಅಂತಾರೆ. ಏನು ತಪ್ಪು? (ಮೂಡಿಗೆರೆ)

ಉತ್ತರ: ನೀವು ಅಡ್ರೆಸ್ ಕೊಟ್ಟಿದ್ರಿಂದ ತೆಗೆದು ನೋಡ್ದೆ. ಮೊದಲು ಒಳ್ಳೇದು ಹೇಳ್ಬಿಡ್ತೀನಿ, ಕಾಫಿ ಹೂವಿನ ಫೋಟೋ ಬಹಳ ಚೆನ್ನಾಗಿದೆ, ಯಾರು ತೆಗೆದಿದ್ದೋ. ಆದ್ರೆ ಅದು ಕ್ಯಾಮೆರಾದಿಂದ ಇಳಿಸಿದ ಹಂಗೇ ಇದೆ, ಒಂದೊಂದೂ ಆರೇಳು ಎಂಬಿ, ಅಂಥವು ಹನ್ನೊಂದು ಮೊದಲ ಪೇಜಲ್ಲೇ. ನಿಮ್ಮ ಮನೇಲಿ ಫೈಬರ್ ಇದೆ, ಜೊತೆಗೆ ನಿಮ್ಮ ಲ್ಯಾಪ್‌ಟಾಪು ಒಂದು ಸಲ ಇಳಿಸಿಕೊಂಡಿದ್ದನ್ನ ಒಳಗೇ ಇಟ್ಕೊಂಡಿರುತ್ತೆ, ಅದಕ್ಕೆ ನಿಮಗೆ ಚಿಟಿಕೆ ಹೊಡೆದಂಗೆ ಬರುತ್ತೆ. ಗೆಸ್ಟು ಪಾಪ ಚಾರ್ಮಾಡಿ ತಿರುವಲ್ಲಿ, ಟವರ್ ಒಂದು ಕಡ್ಡಿ ಬಂದು ಹೋಗೋ ಜಾಗದಲ್ಲಿ ಕಾರ್ ನಿಲ್ಲಿಸಿ ನಿಮ್ಮ ಗೇಟು ಎಲ್ಲಿ ಅಂತ ಹುಡುಕ್ತಿರ್ತಾರೆ. ನೀವು ಅವರಿಗೆ ಎಪ್ಪತ್ತು ಎಂಬಿ ಕಾಫಿ ಹೂ ಕಳಿಸ್ತಿದೀರ.

ಫೋಟೋನ 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ಫಾರ್ಮ್ಯಾಟ್ ಮಾಡಿ, ಒಂದೊಂದು ಇನ್ನೂರು ಮುನ್ನೂರು ಕೆಬಿಗೆ ಬರುತ್ತೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ಫೋನಿಗೆ ಇನ್ನೂ ಚಿಕ್ಕ ಸೈಜಿನದ್ದು ಬೇರೆ ಇಟ್ಟು ಬ್ರೌಸರೇ ಆರಿಸ್ಕೊಳ್ಳೋ ಹಂಗೂ ಮಾಡಬಹುದು, ಅದಕ್ಕೆ ಫೋಟೋದ ಟ್ಯಾಗಲ್ಲಿ ಬರೆಯೋ ಆಟ್ರಿಬ್ಯೂಟಿನ ಹೆಸರು ಎಸ್‌ಆರ್‌ಸಿ‌ಸೆಟ್ ಅಂತ. ಕೆಳಗಿರೋ ಫೋಟೋಗಳಿಗೆ ಲೇಜಿ ಲೋಡಿಂಗ್ ಹಾಕಿ, ಅಂದ್ರೆ ಓದೋರು ಅದರ ಹತ್ರ ಬಂದಾಗ ಮಾತ್ರ ಫೋಟೋ ಇಳಿಯೋ ಹಂಗೆ ಮಾಡಿ, ಮೇಲಿನ ದೊಡ್ಡ ಫೋಟೋಗೆ ಮಾತ್ರ ಹಾಕಬೇಡಿ, ಹಾಕಿದ್ರೆ ಅದೇ ಲೇಟಾಗಿ ಬರುತ್ತೆ, ಈ ತಪ್ಪು ನಾನೇ ಒಂದು ವರ್ಷ ಮಾಡಿದೀನಿ. ಪ್ರತಿ ಫೋಟೋಗೂ ಅಗಲ ಎತ್ತರ ಬರೀರಿ, ಇಲ್ಲಾಂದ್ರೆ ಓದ್ತಾ ಓದ್ತಾ ಪೇಜು ಧಡ್ ಅಂತ ಕೆಳಗೆ ಜಾರುತ್ತೆ, ಫೋನ್ ನಂಬರ್ ಒತ್ತೋಕೆ ಹೋದೋರು ಇನ್ನೇನೋ ಒತ್ತಿರ್ತಾರೆ. ಗೂಗಲ್‌ನವರು ಇದನ್ನೆಲ್ಲ ಅಳತೆ ಮಾಡೋಕೆ ಲೆಕ್ಕ ಇಟ್ಟಿದಾರೆ, ಪೇಜಿನ ಮುಖ್ಯ ಚಿತ್ರ ಅಥವಾ ಬರಹ 2.5 ಸೆಕೆಂಡೊಳಗೆ ಕಾಣಬೇಕು, ಜಾರಾಟದ ಅಂಕ 0.1 ದಾಟಬಾರದು, ಒತ್ತಿದ್ದಕ್ಕೆ 200 ಮಿಲಿಸೆಕೆಂಡೊಳಗೆ ಪೇಜು ಮಿಸುಕಬೇಕು. ಅವರದೇ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಅನ್ನೋ ಸೈಟಿಗೆ ನಿಮ್ಮ ಅಡ್ರೆಸ್ ಕೊಟ್ರೆ ಎಲ್ಲ ಬಿಡಿಸಿ ಹೇಳುತ್ತೆ, ಕೆಂಪು ನೋಡಿ ಗಾಬರಿ ಆಗ್ಬೇಡಿ.

ನಿಮ್ಮ ಕೋಡಲ್ಲಿ ವ್ಯೂಪೋರ್ಟ್ ಮೆಟಾ ಟ್ಯಾಗೂ ಇಲ್ಲ. ಆ ಒಂದು ಸಾಲು ಇಲ್ಲದಿದ್ರೆ ಫೋನು ನಿಮ್ಮ ಪೇಜನ್ನ ಕಂಪ್ಯೂಟರ್ ಪೇಜು ಅಂದ್ಕೊಂಡು ಇರುವೆ ಸೈಜಿಗೆ ಕುಗ್ಗಿಸಿ ತೋರಿಸುತ್ತೆ. ಒಂದೇ ಪೇಜು ಫೋನಿಗೂ ಕಂಪ್ಯೂಟರಿಗೂ ತಾನೇ ಹೊಂದ್ಕೋಬೇಕು ಅನ್ನೋದನ್ನ 2010ರಲ್ಲಿ ಈಥನ್ ಮಾರ್ಕಾಟ್ ಅನ್ನೋರು ರೆಸ್ಪಾನ್ಸಿವ್ ವೆಬ್ ಡಿಸೈನ್ ಅಂತ ಹೆಸರಿಟ್ಟು ಬರೆದ್ರು, ಅದಕ್ಕೂ ಮುಂಚೆ ಮೊಬೈಲಿಗೆ ಬೇರೆ ಸೈಟ್, ಕಂಪ್ಯೂಟರಿಗೆ ಬೇರೆ ಸೈಟ್ ಅಂತ ಎರಡೆರಡು ಮಾಡಿ ಸಾಯ್ತಿದ್ವಿ. ಮುಖ್ಯವಾದ್ದು ಕೊನೇಗೆ ಹೇಳ್ತೀನಿ. ನಿಮ್ಮ ಫೋನ್ ನಂಬರ್ ಚಿತ್ರದೊಳಗೆ ಇದೆ, ಒತ್ತಿದ್ರೆ ಕಾಲ್ ಹೋಗಲ್ಲ. ಅದನ್ನ ಅಕ್ಷರವಾಗಿ ಬರೆದು ಟೆಲ್ ಲಿಂಕ್ ಕೊಡಿ, ಗೇಟಿಗೆ ಬರೋ ದಾರಿ ನಾಲ್ಕು ಸಾಲಲ್ಲಿ ಬರೀರಿ, ಎರಡನ್ನೂ ಎಲ್ಲಕ್ಕಿಂತ ಮೇಲೆ ಇಡಿ. ಅಕ್ಷರ ಎರಡು ಕೆಬಿನೂ ತೂಗಲ್ಲ, ಒಂದು ಕಡ್ಡಿ ಟವರಲ್ಲೂ ಬರುತ್ತೆ. ಮರಗಸಿ ಮಾಡಿಸುವಾಗ ಯಾವ ಕೊಂಬೆ ತೆಗೀಬೇಕು ಯಾವುದು ಬಿಡಬೇಕು ಅಂತ ನಿಮ್ಮ ತೋಟದ ಕೆಲಸ ನೋಡ್ಕೊಳ್ಳೋ ರೈಟರು ನಿಂತು ನೋಡಿ ಹೇಳ್ತಾರಲ್ಲ, ನೀವು ಹಂಗೇ ಈ ಸೈಟಿನ ಮುಂದೆ ಒಂದು ಬೆಳಗ್ಗೆ ನಿಂತ್ಕೊಳ್ಳಿ. ತಿರುಗೋ ಸ್ಲೈಡರ್ ಮೊದಲು ಕಡೀರಿ.

ಪ್ರಶ್ನೆ: ಫಿಗ್ಮಾ ಮೊದಲು ಕಲೀಬೇಕಾ, ಕೋಡ್ ಮೊದಲಾ? (ಕಡೂರು)

ಉತ್ತರ: ಕೋಡ್. ಫಿಗ್ಮಾ ಅಂದ್ರೆ ಪೇಜಿನ ನಕ್ಷೆ ಬರೆಯೋ ಸಾಫ್ಟ್‌ವೇರು, ಅದರಲ್ಲಿ ಏನು ಬರೆದ್ರೂ ಚೆಂದ ಕಾಣುತ್ತೆ, ಎಲ್ಲ ಹೆಸರೂ ಎಂಟಕ್ಷರದ್ದು, ಎಲ್ಲ ಫೋಟೋನೂ ಒಂದೇ ಅಳತೆ. ಬ್ರೌಸರಲ್ಲಿ 'ಚಿಕ್ಕಮಗಳೂರು ಜಿಲ್ಲಾ ಕಾಫಿ ಬೆಳೆಗಾರರ' ಅಂತ ಶುರುವಾಗೋ ಸಂಘದ ಹೆಸರು ಬಂದು ಬಟನ್ ಹೊರಗೆ ಚೆಲ್ಲಿದಾಗ ಗೊತ್ತಾಗೋದು. ಮೂರು ತಿಂಗಳು ಎಚ್‌ಟಿಎಂಎಲ್, ಸಿಎಸ್‌ಎಸ್ ಮಾಡಿ ಆಮೇಲೆ ಫಿಗ್ಮಾ ತೆಗೀರಿ, ಹದಿನೈದು ದಿನ ಸಾಕು.

ಪ್ರಶ್ನೆ: ನನಗೆ 47 ವರ್ಷ. ಇಪ್ಪತ್ತು ವರ್ಷದಿಂದ ಪ್ರಿಂಟಿಂಗ್ ಪ್ರೆಸ್ಸಲ್ಲಿ ಡಿಟಿಪಿ, ಪೇಜ್‌ಮೇಕರು, ಕೋರಲ್‌ಡ್ರಾ, ನುಡಿ. ಈಗ ಮದುವೆ ಕರೆಯೋಲೆನೂ ವಾಟ್ಸಾಪಲ್ಲೇ. ಈ ವಯಸ್ಸಲ್ಲಿ ವೆಬ್ ಡಿಸೈನ್ ಕಲಿಯೋಕಾಗುತ್ತಾ, ಹುಡುಗ್ರ ಮಧ್ಯೆ ಕೂತ್ರೆ ನಗಲ್ವಾ? (ಅರಸೀಕೆರೆ)

ಉತ್ತರ: ಈ ಸಲದ ಪತ್ರಗಳಲ್ಲಿ ನನಗೆ ಅತಿ ಇಷ್ಟ ಆಗಿದ್ದು ನಿಮ್ಮದು. ನಗೋರು ನಗ್ಲಿ, ಆ ಹುಡುಗ್ರು ಕಲಿಯೋಕೆ ಒದ್ದಾಡೋ ಅರ್ಧ ವಿಷಯ ನಿಮ್ಮ ಕೈಯಲ್ಲೇ ಇದೆ. ಅಂಚು ಎಷ್ಟು ಬಿಡಬೇಕು, ತಲೆಬರಹ ಎಷ್ಟು ದಪ್ಪ ಇರಬೇಕು, ಹತ್ತು ಜನ ಸುಖಾಗಮನ ಬಯಸೋರ ಹೆಸರನ್ನ ಒಂದು ಕಾರ್ಡಲ್ಲಿ ಯಾರಿಗೂ ಬೇಜಾರಾಗದಂಗೆ ಕೂರಿಸೋದು ಹೆಂಗೆ, ಇದು ಡಿಸೈನೇ ಕಣ್ರಿ. ನನ್ನ ಗುರುಗಳೂ ಪುಟ ವಿನ್ಯಾಸದಿಂದಲೇ ಬಂದೋರು ಅಂತ ಮೇಲೆ ಹೇಳಿದೆನಲ್ಲ.

ನೀವು ಬಿಡಬೇಕಾಗಿರೋದು ಎರಡು. ಒಂದು, ಪುಟಕ್ಕೆ ಅಳತೆ ಇದೆ ಅನ್ನೋ ನಂಬಿಕೆ. ಎ4 ಅಂದ್ರೆ ಎ4ಏ, ವೆಬ್ಬಲ್ಲಿ ಹಂಗಿಲ್ಲ, ಓದೋರು ಅಕ್ಷರ ದೊಡ್ಡದು ಮಾಡ್ಕೋತಾರೆ, ಫೋನ್ ಅಡ್ಡ ಹಿಡೀತಾರೆ, ನೀವು ಕೂರಿಸಿದ್ದು ಎದ್ದು ಹೋಗುತ್ತೆ. ಇದಕ್ಕೆ ಮನಸ್ಸು ಒಗ್ಗೋಕೆ ಡಿಟಿಪಿಯೋರಿಗೆ ಸ್ವಲ್ಪ ದಿನ ಹಿಡಿಯುತ್ತೆ. ಎರಡು, ನುಡಿಯ ಹಳೇ ಫಾಂಟು. ಅದರಲ್ಲಿ ಕನ್ನಡ ಅಕ್ಷರದ ಚೂರುಗಳನ್ನ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂರಿಸಿರ್ತಾರೆ, ಆ ಫಾಂಟ್ ಇಲ್ಲದ ಫೋನಲ್ಲಿ ಬರೀ ಗಜಿಬಿಜಿ ಕಾಣುತ್ತೆ, ಗೂಗಲಲ್ಲಿ ಹುಡುಕಿದ್ರೂ ಸಿಗಲ್ಲ. ವೆಬ್ಬಿಗೆ ಯೂನಿಕೋಡೇ ಬೇಕು, ಅಂದ್ರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರೋ ವ್ಯವಸ್ಥೆ. ಕನ್ನಡಕ್ಕೆ ಯೂನಿಕೋಡಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಜಾಗ ಇದೆ. ನಿಮ್ಮ ಹಳೇ ಫೈಲುಗಳನ್ನ ಬದಲಾಯಿಸೋಕೆ ಕನ್ವರ್ಟರ್ ಇದೆ, ಆದ್ರೆ ಒಂದ್ಸಲ ಕಣ್ಣಲ್ಲಿ ಓದಿ, ಅರ್ಕಾವತ್ತು ಒತ್ತಕ್ಷರ ಇರೋ ಕಡೆ ಕೆಲವು ಸಲ ಕೈ ಕೊಡುತ್ತೆ.

ಫಾಂಟಿಗೆ ದುಡ್ಡು ಕೊಡಬೇಕಿಲ್ಲ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಟಿರೋ ಕನ್ನಡ, ತಲೆಬರಹಕ್ಕೆ ಬಾಲೂ ತಮ್ಮ, ಎಲ್ಲ ಗೂಗಲ್ ಫಾಂಟ್ಸಲ್ಲಿ ಬಿಟ್ಟಿ. ಇಂಗ್ಲಿಷಿಗೆ ಅಂತ ಬರೆದಿರೋ ಪಾಠದಲ್ಲಿ ಸಾಲಿನ ಎತ್ತರ 1.4 ಅಂತಲೋ 1.5 ಅಂತಲೋ ಇರುತ್ತೆ, ಅದನ್ನ ಹಂಗೇ ಹಾಕಿದ್ರೆ 'ರಾಷ್ಟ್ರ' 'ಸ್ತ್ರೀ' ಅಂಥ ಪದದ ಕೆಳಗಿನ ಒತ್ತುಗಳು ಮುಂದಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತೆ. 1.7ರ ಸುತ್ತಮುತ್ತ ಇಡಿ, ನಿಮ್ಮ ಕಣ್ಣಿಗೇ ಗೊತ್ತಾಗುತ್ತೆ. ಅಕ್ಷರಗಳ ನಡುವೆ ಜಾಗ ಬಿಡೋ ಲೆಟರ್ ಸ್ಪೇಸಿಂಗ್ ಕನ್ನಡಕ್ಕೆ ಬೇಡವೇ ಬೇಡ. ಪೇಜಿನ ಮೊದಲ ಟ್ಯಾಗಲ್ಲಿ ಭಾಷೆ ಕನ್ನಡ ಅಂತ ಹೇಳಿ, ಅದರ ಕೋಡು ಕೆಎನ್. ಕಣ್ಣು ಕಾಣದೋರ ಫೋನು ಪೇಜನ್ನ ಓದಿ ಹೇಳುವಾಗ ಕನ್ನಡದ ದನಿ ಆರಿಸ್ಕೊಳ್ಳೋದು ಅದನ್ನ ನೋಡಿ. ದೊಡ್ಡ ದೊಡ್ಡ ಕಂಪನಿಗಳ ಕನ್ನಡ ಪೇಜಲ್ಲೂ ಅದು ಇಂಗ್ಲಿಷ್ ಅಂತಲೇ ಇರೋದು ನೋಡಿದೀನಿ. ಈ ಸೂಕ್ಷ್ಮ ಬೆಂಗಳೂರಿನ ಡಿಸೈನರ್‌ಗಳಲ್ಲಿ ಎಷ್ಟೋ ಜನಕ್ಕೆ ಇಲ್ಲ, ಯಾಕಂದ್ರೆ ಅವರು ಕನ್ನಡದಲ್ಲಿ ಪುಟ ಕಟ್ಟೇ ಇಲ್ಲ. ನೀವು ಇಪ್ಪತ್ತು ವರ್ಷ ಕಟ್ಟಿದೀರ. ಒಬ್ಬ ಹುಡುಗನ್ನ ಪಕ್ಕ ಕೂರಿಸ್ಕೊಳ್ಳಿ, ಅವನು ನಿಮಗೆ ಗ್ರಿಡ್ ಹೇಳಿಕೊಡ್ಲಿ, ನೀವು ಅವನಿಗೆ ಒತ್ತಕ್ಷರಕ್ಕೆ ಎಷ್ಟು ಜಾಗ ಬೇಕು ಅಂತ ಹೇಳಿಕೊಡಿ, ಫೀಸು ಇಬ್ಬರಿಗೂ ಇಲ್ಲ.

ಪ್ರಶ್ನೆ: ಎಐಗೆ ಹೇಳಿದ್ರೆ ಎರಡು ನಿಮಿಷದಲ್ಲಿ ವೆಬ್‌ಸೈಟ್ ಮಾಡಿಕೊಡುತ್ತೆ. ಇನ್ನೂ ಕಲಿಯೋದು ದಂಡ ಅಲ್ವಾ? (ಸಕಲೇಶಪುರ)

ಉತ್ತರ: ಮಾಡಿಕೊಡುತ್ತೆ, ನಾನೂ ಮಾಡಿಸ್ಕೋತೀನಿ. ಆಮೇಲೆ ಮೌಸ್ ಪಕ್ಕಕ್ಕಿಟ್ಟು ಬರೀ ಟ್ಯಾಬ್ ಕೀ ಒತ್ತಿ ಆ ಪೇಜಲ್ಲಿ ಓಡಾಡಿ ನೋಡಿ. ಎಷ್ಟೋ ಸಲ ಬಟನ್ ಥರ ಕಾಣೋದು ಬಟನ್ನೇ ಆಗಿರಲ್ಲ, ಡಿವ್ ಅನ್ನೋ ಬರೀ ಡಬ್ಬಿಗೆ ಬಣ್ಣ ಬಳಿದಿರುತ್ತೆ, ಕೀಬೋರ್ಡಿಗೆ ಅದು ಸಿಗೋದೇ ಇಲ್ಲ. ಇದು ತಪ್ಪು ಅಂತ ನಿಮಗೆ ಗೊತ್ತಾದ್ರೆ ನೀವು ಅದರ ಕೈಯಲ್ಲೇ ಸರಿ ಮಾಡಿಸ್ತೀರ, ಗೊತ್ತಾಗದಿದ್ರೆ ಹಂಗೇ ಗಿರಾಕಿಗೆ ಕೊಡ್ತೀರ. ದಂಡನೋ ಅಲ್ವೋ ನೀವೇ ಹೇಳಿ.

ಪ್ರಶ್ನೆ: ಚಿಕ್ಕದೊಂದು ಆಫೀಸಲ್ಲಿ ಇಂಟರ್ನ್‌ಶಿಪ್ ಮಾಡ್ತಿದೀನಿ. ನಮ್ಮ ಸೀನಿಯರ್ ಒಬ್ಬರು ಎಲ್ಲರೆದುರು "ಈ ಅಕ್ಷರ ಯಾರಿಗೆ ಕಾಣುತ್ತೆ, ಈ ಬಟನ್ ಇಲಿಗೆ ಮಾಡಿದ್ದಾ" ಅಂದ್ರು. ಟಾಯ್ಲೆಟ್ಟಿಗೆ ಹೋಗಿ ಅತ್ತೆ. ನನ್ನ ಡಿಸೈನ್ ಇನ್‌ಸ್ಟಾದಲ್ಲಿ ಎಲ್ಲರೂ ಮೆಚ್ಕೊಂಡಿದ್ರು. ಬಿಟ್ಟುಬಿಡ್ಲಾ? (ಚಿಕ್ಕಮಗಳೂರು)

ಉತ್ತರ: ನೀವು ಕಳಿಸಿರೋ ಸ್ಕ್ರೀನ್‌ಶಾಟ್ ನೋಡ್ದೆ. ಅವರು ಹೇಳಿದ ರೀತಿ ತಪ್ಪು, ಎಲ್ಲರೆದುರು ಹಂಗೆ ಅನ್ನೋದು ಬಲ್ಲವರ ಲಕ್ಷಣ ಅಲ್ಲ. ಹೇಳಿದ ವಿಷಯ ಮಾತ್ರ ಸರಿ, ಏನ್ಮಾಡೋದು. ಬಿಳಿ ಮೇಲೆ ನೀವು ಹಾಕಿರೋ ತೆಳು ಬೂದು, ಕೋಡಲ್ಲಿ 999 ಅಂತ ಬರೀತೀರಲ್ಲ ಅದು, ಅದರ ಕಾಂಟ್ರಾಸ್ಟ್, ಅಂದ್ರೆ ಅಕ್ಷರಕ್ಕೂ ಹಿನ್ನೆಲೆಗೂ ಇರೋ ಹೊಳಪಿನ ಅಂತರ, 2.8 ಚಿಲ್ರೆ. ಮಾಮೂಲಿ ಸೈಜಿನ ಅಕ್ಷರಕ್ಕೆ ಕನಿಷ್ಠ 4.5 ಇರಬೇಕು ಅಂತ ಎಲ್ಲರಿಗೂ ಎಟುಕೋ ವೆಬ್ಬಿನ ನಿಯಮ ಡಬ್ಲ್ಯುಸಿಎಜಿ ಹೇಳುತ್ತೆ. ನಿಮ್ಮ ವಯಸ್ಸಿನ ಕಣ್ಣಿಗೆ, ಒಳ್ಳೇ ಫೋನಲ್ಲಿ, ರೂಮೊಳಗೆ ಅದು ಕಾಣುತ್ತೆ. ಮಧ್ಯಾಹ್ನ ಎಂ.ಜಿ. ರೋಡಲ್ಲಿ ಬಿಸಿಲಿಗೆ ಫೋನ್ ಹಿಡಿದು ನಿಮ್ಮಮ್ಮನಿಗೆ ಓದೋಕೆ ಹೇಳಿ. ಬಟನ್ ವಿಷಯಕ್ಕೂ ಲೆಕ್ಕ ಇದೆ, ಅದೇ ನಿಯಮದ 2023ರ ಆವೃತ್ತಿ ಒತ್ತೋ ಜಾಗ ಕಡಿಮೆ ಅಂದ್ರೂ 24 ಪಿಕ್ಸೆಲ್ ಅಗಲ, 24 ಎತ್ತರ ಇರಲಿ ಅನ್ನುತ್ತೆ, ನಿಮ್ಮದು 18 ಇದೆ. ಇನ್‌ಸ್ಟಾದಲ್ಲಿ ಮೆಚ್ಕೊಂಡೋರು ಯಾರೂ ಆ ಬಟನ್ ಒತ್ತಿಲ್ಲ.

ಬಿಡಬೇಡಿ. ಇವತ್ತು ಕ್ರೋಮಲ್ಲಿ ಇನ್‌ಸ್ಪೆಕ್ಟ್ ತೆಗೆದು, ಆ ಅಕ್ಷರದ ಬಣ್ಣದ ಚೌಕ ಒತ್ತಿ, ಕಾಂಟ್ರಾಸ್ಟ್ ನಂಬರ್ ಅಲ್ಲೇ ತೋರಿಸುತ್ತೆ, 4.5 ದಾಟೋವರೆಗೂ ಬೂದನ್ನ ಕಪ್ಪಗೆ ಮಾಡ್ತಾ ಹೋಗಿ. ಹಂಗೇ ನಿಮ್ಮ ಆಫೀಸಿನ ಸ್ವಂತ ವೆಬ್‌ಸೈಟ್ ಕೂಡ ಒಂದ್ಸಲ ತೆಗೆದು ಅದೇ ಚೌಕ ಒತ್ತಿ. ನಾನು ಒತ್ತಿ ನೋಡಿದೀನಿ, 3.1 ಬಂತು. ಎಲ್ಲರೆದುರೇ ತೋರಿಸಿ.